ಡಿಗ್ರಿಯಲ್ಲೇ ಗಣಿತ ಸಂಶೋಧನೆ: ಪ್ರಾಜೆಕ್ಟ್ ಹಿಡಿಯುವುದು ಹೇಗೆ, ದಡ ಮುಟ್ಟಿಸುವುದು ಹೇಗೆ?

2002ರ ಆಗಸ್ಟ್‌ನಲ್ಲಿ ಕಾನ್ಪುರದ ಐಐಟಿಯಿಂದ ಹೊರಬಿದ್ದ ಒಂಬತ್ತು ಪುಟಗಳ ಪ್ರಬಂಧವೊಂದು ಜಗತ್ತಿನ ಗಣಿತಜ್ಞರನ್ನೆಲ್ಲ ಬೆರಗುಗೊಳಿಸಿತು. ಕೊಟ್ಟ ಸಂಖ್ಯೆ ಅವಿಭಾಜ್ಯವೋ ಅಲ್ಲವೋ ಎಂದು ಖಚಿತವಾಗಿ ಹೇಳುವ, ಅಂಕಿಗಳು ಎಷ್ಟು ಹೆಚ್ಚಿದರೂ ಲೆಕ್ಕದ ಹೊರೆ ಹತೋಟಿ ಮೀರದ ವಿಧಾನವೊಂದು ಅದರಲ್ಲಿತ್ತು. ದೊಡ್ಡ ದೊಡ್ಡವರು ದಶಕಗಳಿಂದ ಹುಡುಕುತ್ತಿದ್ದ ವಿಧಾನ ಅದು. ಬರೆದವರು ಮೂವರು: ಪ್ರಾಧ್ಯಾಪಕ ಮಣೀಂದ್ರ ಅಗ್ರವಾಲ್, ಆಗತಾನೇ ಬಿ.ಟೆಕ್ ಮುಗಿಸಿದ್ದ ನೀರಜ್ ಕಯಾಲ್ ಮತ್ತು ನಿತಿನ್ ಸಕ್ಸೇನಾ. 2004ರಲ್ಲಿ ಅದು 'ಆನಲ್ಸ್ ಆಫ್ ಮ್ಯಾಥಮ್ಯಾಟಿಕ್ಸ್' ಪತ್ರಿಕೆಯಲ್ಲಿ ಪ್ರಕಟವಾಯಿತು, 2006ರಲ್ಲಿ ಗೋಡೆಲ್ ಪ್ರಶಸ್ತಿಯೂ ಬಂತು.

ಆ ಪ್ರಬಂಧದ ಬೇರು ಇದ್ದದ್ದು ಇಬ್ಬರು ಹುಡುಗರ ಬಿ.ಟೆಕ್ ಪ್ರಾಜೆಕ್ಟ್ ವರದಿಯಲ್ಲಿ. ಅದಕ್ಕೂ ಹಿಂದಿನ ವರ್ಷ, 2001ರಲ್ಲಿ, ರಜತ್ ಭಟ್ಟಾಚಾರ್ಜಿ ಮತ್ತು ಪ್ರಶಾಂತ್ ಪಾಂಡೆ ಎಂಬ ಇನ್ನಿಬ್ಬರು ವಿದ್ಯಾರ್ಥಿಗಳು ಅದೇ ಜಾಡಿನಲ್ಲಿ ಪ್ರಾಜೆಕ್ಟ್ ಮಾಡಿ ಒಂದು ಊಹೆಯನ್ನು ಮುಂದಿಟ್ಟಿದ್ದರು. ಒಂದು ಬ್ಯಾಚು ಬಿಟ್ಟುಹೋದ ಎಳೆಯನ್ನು ಮುಂದಿನ ಬ್ಯಾಚು ಎತ್ತಿಕೊಂಡಿತು. ಮಾರ್ಗದರ್ಶಕರು ಮಾತ್ರ ಅದೇ ಪ್ರಶ್ನೆಗೆ ಅಂಟಿಕೊಂಡೇ ಇದ್ದರು.

ಈ ಕಥೆ ಹೇಳಿದ್ದು ಯಾರನ್ನೂ ಹೆದರಿಸಲಿಕ್ಕಲ್ಲ. ನಿಮ್ಮ ಪ್ರಾಜೆಕ್ಟ್ ಜಗತ್ತನ್ನು ಬೆರಗುಗೊಳಿಸಬೇಕೆಂದು ಯಾವ ವಿಶ್ವವಿದ್ಯಾಲಯವೂ ಕೇಳುವುದಿಲ್ಲ. ಆದರೆ ಪದವಿ ಹಂತದ ಗಣಿತ ಪ್ರಾಜೆಕ್ಟ್ ಎಂದರೆ ಪುಸ್ತಕದ ನಾಲ್ಕು ಅಧ್ಯಾಯ ನಕಲಿಳಿಸಿ, ಬೈಂಡ್ ಮಾಡಿಸಿ, ಇಂಟರ್ನಲ್ ಮಾರ್ಕ್ಸ್ ಪಡೆಯುವ ಶಾಸ್ತ್ರ ಎಂದು ನಂಬಿರುವ ವಿದ್ಯಾರ್ಥಿಗಳೂ ಅಧ್ಯಾಪಕರೂ ನಮ್ಮಲ್ಲಿ ಬಹಳ. ಆ ನಂಬಿಕೆ ತಪ್ಪು. ಒಂದು ಸೆಮಿಸ್ಟರಿನಲ್ಲಿ, ಒಬ್ಬ ಮೇಷ್ಟರ ನೆರವಿನಲ್ಲಿ, ಸಾಧಾರಣ ಅಂಕ ತೆಗೆಯುವ ವಿದ್ಯಾರ್ಥಿಯೂ ನಿಜವಾದ ಗಣಿತ ಮಾಡಬಲ್ಲ. ಅದಕ್ಕೆ ಬೇಕಾದ್ದು ಸಾಕಷ್ಟು ಚಿಕ್ಕದಾದ ಒಂದು ಪ್ರಶ್ನೆ, ಮತ್ತು ವಾರಕ್ಕೊಮ್ಮೆ ಬರೆದುಕೊಂಡು ಹೋಗಿ ತೋರಿಸುವ ಶಿಸ್ತು.

ವ್ಯವಸ್ಥೆಯ ಬಗ್ಗೆ ಎರಡು ಮಾತು. ಕರ್ನಾಟಕದಲ್ಲಿ 2021–22ರಿಂದ ಜಾರಿಗೆ ಬಂದಿದ್ದ ನಾಲ್ಕು ವರ್ಷದ ಪದವಿಯನ್ನು 2024ರಲ್ಲಿ ಸರ್ಕಾರ ಕೈಬಿಟ್ಟು ಮೂರು ವರ್ಷಕ್ಕೆ ಮರಳಿತು. ನಾಲ್ಕು ವರ್ಷದ ಪದವಿ ಇರುವ ಕಡೆ, ಯುಜಿಸಿ ಚೌಕಟ್ಟಿನಂತೆ, ಮೊದಲ ಆರು ಸೆಮಿಸ್ಟರುಗಳಲ್ಲಿ ಶೇ 75 ಅಥವಾ ಹೆಚ್ಚು ಅಂಕ ಪಡೆದವರು ಕೊನೆಯ ವರ್ಷ 12 ಕ್ರೆಡಿಟ್‌ಗಳ ಸಂಶೋಧನಾ ಪ್ರಾಜೆಕ್ಟ್ ಆಯ್ದುಕೊಳ್ಳಬಹುದು. ನಿಮ್ಮ ಕಾಲೇಜಿನ ಪಠ್ಯಕ್ರಮದಲ್ಲಿ ಪ್ರಾಜೆಕ್ಟ್‌ಗೆ ಜಾಗವೇ ಇಲ್ಲದಿದ್ದರೂ ಬೇಸರ ಬೇಡ. ಒಪ್ಪುವ ಒಬ್ಬ ಅಧ್ಯಾಪಕರು ಸಿಕ್ಕರೆ ಅಂಕಪಟ್ಟಿಯ ಹಂಗಿಲ್ಲದೆಯೂ ಈ ಕೆಲಸ ನಡೆಯುತ್ತದೆ. ಎಂ.ಎಸ್ಸಿಗೋ ಫೆಲೋಶಿಪ್‌ಗೋ ಅರ್ಜಿ ಹಾಕುವಾಗ ಅದರ ಬೆಲೆ ತಿಳಿಯುತ್ತದೆ.

ಪ್ರಶ್ನೆ ಹುಡುಕುವುದು

"ಸರ್, ನಾನು ನಂಬರ್ ಥಿಯರಿ ಮೇಲೆ ಪ್ರಾಜೆಕ್ಟ್ ಮಾಡ್ತೀನಿ" ಎಂದು ಬರುವ ವಿದ್ಯಾರ್ಥಿಯ ಬಳಿ ಇನ್ನೂ ಪ್ರಾಜೆಕ್ಟ್ ಇಲ್ಲ, ಒಂದು ವಿಷಯ ಇದೆ ಅಷ್ಟೇ. ಸಂಖ್ಯಾ ಸಿದ್ಧಾಂತ, ಗ್ರಾಫ್ ಥಿಯರಿ, ಫೂರಿಯೆ ಶ್ರೇಣಿ ಇವೆಲ್ಲ ವಿಷಯಗಳ ಹೆಸರು. ಪ್ರಶ್ನೆ ಎಂದರೆ ಕೊನೆಯಲ್ಲಿ ಪ್ರಶ್ನಾರ್ಥಕ ಚಿಹ್ನೆ ಇರಬೇಕು, ಕಾಗದ ಪೆನ್ನು ಹಿಡಿದು ಆ ಸಂಜೆಯೇ ಅದರ ಮೇಲೆ ಕೂರುವಂತಿರಬೇಕು.

ಒಂದು ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡೋಣ. ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ (1905–1986) ನಾಸಿಕದ ಹತ್ತಿರ ದೇವಳಾಲಿಯಲ್ಲಿ ಶಾಲಾ ಮೇಷ್ಟರಾಗಿದ್ದವರು. ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದುವಾಗಲೇ, 1927ರಲ್ಲಿ, ಸ್ವಂತ ಗಣಿತ ಕೆಲಸಕ್ಕಾಗಿ ರ‍್ಯಾಂಗ್ಲರ್ ಪರಾಂಜಪೆ ಬಹುಮಾನ ಪಡೆದರು. 1949ರಲ್ಲಿ ಅವರು ತೋರಿಸಿಕೊಟ್ಟದ್ದು ಇದು: ನಾಲ್ಕು ಅಂಕಿಯ ಯಾವುದೇ ಸಂಖ್ಯೆ ತೆಗೆದುಕೊಳ್ಳಿ, ನಾಲ್ಕೂ ಅಂಕಿ ಒಂದೇ ಆಗಿರಬಾರದು ಅಷ್ಟೇ. ಅಂಕಿಗಳನ್ನು ಇಳಿಕೆಯ ಕ್ರಮದಲ್ಲಿ ಬರೆದು ಅದರಿಂದ ಏರಿಕೆಯ ಕ್ರಮದ ಸಂಖ್ಯೆಯನ್ನು ಕಳೆಯಿರಿ. ಬಂದ ಉತ್ತರಕ್ಕೂ ಅದನ್ನೇ ಮಾಡಿ. 3524 ತೆಗೆದುಕೊಂಡರೆ, 5432ರಿಂದ 2345 ಕಳೆದು 3087. 8730ರಿಂದ 0378 ಕಳೆದು 8352. 8532ರಿಂದ 2358 ಕಳೆದು 6174. ಅಲ್ಲಿಗೆ ನಿಂತಿತು. 7641ರಿಂದ 1467 ಕಳೆದರೆ ಮತ್ತೆ 6174. ಎಲ್ಲಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬರುತ್ತದೆ.

ಇಷ್ಟನ್ನು ವರದಿಯಲ್ಲಿ ಬರೆದುಕೊಟ್ಟರೆ ಅದು ಮಾಹಿತಿ. ಪ್ರಾಜೆಕ್ಟ್ ಶುರುವಾಗುವುದು "ಮೂರು ಅಂಕಿಯಾದರೆ ಏನಾಗುತ್ತದೆ, ಯಾಕೆ?" ಎಂದು ಕೇಳಿದಾಗ. ಕೈಯಲ್ಲೇ ಮಾಡಿ ನೋಡಿದರೆ ಎಲ್ಲವೂ 495ಕ್ಕೆ ಬಂದು ನಿಲ್ಲುತ್ತವೆ. ಯಾಕೆ? ಇಳಿಕೆಯ ಕ್ರಮದಲ್ಲಿ ಅಂಕಿಗಳು ಅ, ಬ, ಕ ಎಂದಿಟ್ಟುಕೊಳ್ಳಿ. 100ಅ + 10ಬ + ಕ ಎಂಬುದರಿಂದ 100ಕ + 10ಬ + ಅ ಕಳೆದರೆ ನಡುವಿನ ಬ ಮಾಯವಾಗಿ 99(ಅ − ಕ) ಉಳಿಯುತ್ತದೆ. ಅಂದರೆ ಮೊದಲ ಹೆಜ್ಜೆಯಲ್ಲೇ ನೂರಾರು ಸಂಖ್ಯೆಗಳು ಒಂಬತ್ತಕ್ಕೆ ಇಳಿದವು: 099, 198, 297 ಹೀಗೆ 891ರವರೆಗೆ. ಉಳಿದದ್ದು ಒಂದು ಪುಟದ ಕೆಲಸ. 099ರಿಂದ 891, ಅಲ್ಲಿಂದ 792, 693, 594, 495. ಆರು ಹೆಜ್ಜೆಗಿಂತ ಹೆಚ್ಚು ಎಂದೂ ಬೇಕಾಗುವುದಿಲ್ಲ ಎಂಬುದೂ ಅಲ್ಲೇ ಸಿಕ್ಕಿತು. ಪಿಯುಸಿ ವಿದ್ಯಾರ್ಥಿಗೂ ಅರ್ಥವಾಗುವ ಈ ಸಾಧನೆಯನ್ನು ನೀವೇ ಕಂಡುಕೊಂಡರೆ ಆ ಖುಷಿಯೇ ಬೇರೆ.

ಈಗ ಇನ್ನೊಂದು ಹೆಜ್ಜೆ. ನಾವು ಹತ್ತನ್ನು ಆಧಾರವಾಗಿ ಇಟ್ಟುಕೊಂಡು ಎಣಿಸುತ್ತೇವೆ. ಎಂಟನ್ನು ಇಟ್ಟುಕೊಂಡರೆ? ಐದನ್ನು? ಎಂಟರ ಆಧಾರದಲ್ಲಿ ಎಲ್ಲವೂ 374ಕ್ಕೆ ಬಂದು ನಿಲ್ಲುತ್ತವೆ. ಐದರ ಆಧಾರದಲ್ಲಿ ಮಾತ್ರ ನಿಲ್ಲುವುದೇ ಇಲ್ಲ: 143ರಿಂದ 242, 242ರಿಂದ 143, ಹೀಗೆ ಎರಡರ ನಡುವೆ ಓಡಾಟ. ಏಳು, ಒಂಬತ್ತು, ಹನ್ನೊಂದರಲ್ಲೂ ಇದೇ ಹಾಡು. ಸಮ ಆಧಾರವಾದರೆ ಒಂದೇ ನೆಲೆ, ಬೆಸ ಆಧಾರವಾದರೆ ಎರಡರ ಚಕ್ರ ಎಂಬ ಅನುಮಾನ ಬರುತ್ತದೆ. ಆಧಾರ ಬ, ದೊಡ್ಡ ಅಂಕಿಗೂ ಚಿಕ್ಕ ಅಂಕಿಗೂ ಇರುವ ಅಂತರ ದ ಎಂದಿಟ್ಟುಕೊಂಡರೆ, ಮುಂದಿನ ಹೆಜ್ಜೆಯ ಅಂತರ ಬ − ದ ಮತ್ತು ದ − 1 ಇವೆರಡರಲ್ಲಿ ಯಾವುದು ದೊಡ್ಡದೋ ಅದು. ಇದೊಂದು ಸಾಲನ್ನು ಸಾಧಿಸಿಬಿಟ್ಟರೆ ಅನುಮಾನವೆಲ್ಲ ಪ್ರಮೇಯವಾಗುತ್ತದೆ. ಆ ಸಾಲಿನ ಸಾಧನೆಯನ್ನು ಇಲ್ಲಿ ಬೇಕೆಂದೇ ಬಿಟ್ಟಿದ್ದೇನೆ, ನೀವು ಕೂತು ಮಾಡಿ.

ಐದು ಅಂಕಿಗೆ ಹೋದರೆ ಹತ್ತರ ಆಧಾರದಲ್ಲೂ ನೆಲೆ ಸಿಗುವುದಿಲ್ಲ. 53955 ಮತ್ತು 59994 ಒಂದನ್ನೊಂದು ಹುಟ್ಟಿಸುತ್ತ ಕೂರುತ್ತವೆ. ಅಂಕಿ ಹೆಚ್ಚಿದಷ್ಟೂ, ಆಧಾರ ಬದಲಿಸಿದಷ್ಟೂ ಕಾಡು ದಟ್ಟವಾಗುತ್ತದೆ. ಒಳ್ಳೆಯ ಪ್ರಾಜೆಕ್ಟ್ ಪ್ರಶ್ನೆಯ ಲಕ್ಷಣ ಇದೇ. ಎರಡು ವಾರದಲ್ಲಿ ಖಂಡಿತ ಕೈಗೆ ಸಿಗುವ ಒಂದು ಫಲ, ಎರಡು ತಿಂಗಳಲ್ಲಿ ಬಹುಶಃ ಸಿಗುವ ಇನ್ನೊಂದು, ಸಿಕ್ಕದಿದ್ದರೂ ಪರವಾಗಿಲ್ಲ ಎನ್ನುವ ಮೂರನೆಯದು, ಮೂರೂ ಒಂದೇ ಪ್ರಶ್ನೆಯೊಳಗೆ ಇರಬೇಕು. ಕೊಲಾಟ್ಸ್ ಊಹೆಯನ್ನೋ ರೀಮನ್ ಊಹೆಯನ್ನೋ ಬಿಡಿಸಲು ಹೊರಡುವವರಿಗೆ ಮೂರನೆಯದು ಮಾತ್ರ ಇರುತ್ತದೆ, ಮೊದಲ ಎರಡು ಇರುವುದಿಲ್ಲ.

ಇತಿಹಾಸದಲ್ಲಿ ಆಸಕ್ತಿ ಇರುವವರಿಗೆ ನಮ್ಮ ನೆಲದಲ್ಲೇ ವಸ್ತು ಇದೆ. ಒಂಬತ್ತನೇ ಶತಮಾನದಲ್ಲಿ, ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. ದೀರ್ಘವೃತ್ತವೆಂದು ವಿದ್ವಾಂಸರು ಗುರುತಿಸುವ 'ಆಯತವೃತ್ತ'ದ ಸುತ್ತಳತೆಗೆ ಅದರಲ್ಲೊಂದು ಸೂತ್ರವಿದೆ: ಉದ್ದದ ವರ್ಗದ ನಾಲ್ಕರಷ್ಟಕ್ಕೆ ಅಗಲದ ವರ್ಗದ ಆರರಷ್ಟು ಕೂಡಿಸಿ ವರ್ಗಮೂಲ ತೆಗೆಯಬೇಕು. ಉದ್ದ 4, ಅಗಲ 2 ಆದರೆ 88ರ ವರ್ಗಮೂಲ, ಸುಮಾರು 9.38. ನಿಜವಾದ ಸುತ್ತಳತೆ ಸುಮಾರು 9.69. ಉದ್ದ ಅಗಲ ಸಮವಾಗಿ ವೃತ್ತವಾದಾಗ ಉತ್ತರ ಇದಕ್ಕಿಂತ ಹತ್ತಿರ ಬರುತ್ತದೆ, ಅಗಲ ಸೊನ್ನೆಯಾದಾಗ ಕರಾರುವಾಕ್ಕು. ಹಾಗಾದರೆ ತಪ್ಪು ಅತಿ ಹೆಚ್ಚಾಗುವುದು ಎಲ್ಲಿ? ನಾಲ್ಕು ಮತ್ತು ಆರರ ಬದಲು ಬೇರೆ ಸಂಖ್ಯೆ ಹಾಕಿ ಅದನ್ನು ಕಡಿಮೆ ಮಾಡಬಹುದೇ? ದೀರ್ಘವೃತ್ತದ ಸುತ್ತಳತೆಗೆ ಸರಳ ಸೂತ್ರವೇ ಇಲ್ಲ, ಅನುಕಲನವನ್ನು ಶ್ರೇಣಿಯಾಗಿ ಬಿಡಿಸಿಯೇ ಲೆಕ್ಕ ಹಾಕಬೇಕು. ಹೀಗಾಗಿ ಎರಡನೇ ವರ್ಷದ ಕ್ಯಾಲ್ಕುಲಸ್ ಇಲ್ಲಿ ಕೈಗೆ ಬರುತ್ತದೆ. ರಾಜಾದಿತ್ಯನ 'ವ್ಯವಹಾರಗಣಿತ'ವಂತೂ ಹನ್ನೆರಡನೇ ಶತಮಾನದ ಕನ್ನಡ ಗ್ರಂಥ. ಅದರ ಒಂದು ಲೆಕ್ಕದ ವಿಧಾನ ಯಾಕೆ ಸರಿ ಎಂದು ಇಂದಿನ ಬೀಜಗಣಿತದಲ್ಲಿ ಸಾಧಿಸುವುದು ಕನ್ನಡ ಐಚ್ಛಿಕ ಓದುವ ಗೆಳೆಯನೊಬ್ಬನ ಜೊತೆ ಕೂತು ಮಾಡಬಹುದಾದ ಕೆಲಸ.

ಮಾಡಬಾರದ ಒಂದು ಬಗೆಯೂ ಇದೆ. ಗ್ರಾಫ್ ಥಿಯರಿಯಲ್ಲಿ ಕರ್ನಾಟಕಕ್ಕೆ ಒಳ್ಳೆಯ ಪರಂಪರೆಯಿದೆ. ಧಾರವಾಡ, ಕಲಬುರಗಿ, ಮೈಸೂರುಗಳಲ್ಲಿ ಗಟ್ಟಿ ಕೆಲಸ ನಡೆದಿದೆ. ಆದರೆ ಹಳೆಯ ಸೂತ್ರವೊಂದಕ್ಕೆ ಅಲ್ಪಸ್ವಲ್ಪ ತಿರುಚಿದ ಹೊಸ ವ್ಯಾಖ್ಯೆ ಕೊಟ್ಟು, ನಾಲ್ಕಾರು ಪರಿಚಿತ ಗ್ರಾಫುಗಳಿಗೆ ಅದರ ಬೆಲೆ ಲೆಕ್ಕ ಹಾಕಿ, ಸಂಶೋಧನೆ ಎಂದು ಹೆಸರಿಡುವುದು ಈಚೆಗೆ ಬಲು ಸುಲಭದ ದಾರಿಯಾಗಿದೆ. ಆ ಹೊಸ ವ್ಯಾಖ್ಯೆಯಿಂದ ಯಾವ ಹಳೆಯ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂದು ಹೇಳಲಾಗದಿದ್ದರೆ ಅಂಥದ್ದಕ್ಕೆ ಕೈ ಹಾಕಬೇಡಿ.

ಗೈಡ್ ಮತ್ತು ವಾರದ ಭೇಟಿ

ಗೈಡ್ ಆರಿಸುವಾಗ ಹೆಸರಿಗಿಂತ ಸಮಯ ಮುಖ್ಯ. ದೊಡ್ಡ ಹೆಸರಿನ ಪ್ರೊಫೆಸರ್ ತಿಂಗಳಿಗೊಮ್ಮೆ ಐದು ನಿಮಿಷ ಸಿಗುವುದಕ್ಕಿಂತ, ವಾರಕ್ಕೊಮ್ಮೆ ಅರ್ಧ ಗಂಟೆ ಕೂರಿಸಿಕೊಂಡು ನಿಮ್ಮ ಕಾಗದ ಓದುವ ಅಧ್ಯಾಪಕರು ಸಾವಿರ ಪಾಲು ಮೇಲು. ಕೇಳಲು ಹೋಗುವಾಗ ಬರಿಗೈಯಲ್ಲಿ ಹೋಗಬೇಡಿ. ಎರಡು ಪ್ರಶ್ನೆ, ಪ್ರತಿಯೊಂದರ ಮೇಲೆ ನೀವೇ ಮಾಡಿದ ಒಂದು ಪುಟ ಲೆಕ್ಕ ಕೈಯಲ್ಲಿರಲಿ. "ಮೇಡಂ, ಮೂರು ಅಂಕಿಗೆ ಹೀಗೆ ಬಂತು, ನಾಲ್ಕಕ್ಕೆ ಯಾಕೆ ಬರುತ್ತೆ ಗೊತ್ತಾಗ್ತಿಲ್ಲ, ನೀವು ನೋಡ್ತೀರಾ?" ಎಂದು ಕೇಳುವ ವಿದ್ಯಾರ್ಥಿಗೆ ಇಲ್ಲ ಎನ್ನುವ ಅಧ್ಯಾಪಕರು ಅಪರೂಪ.

ಒಪ್ಪಿದ ಮೇಲೆ ವಾರದ ದಿನ, ಹೊತ್ತು ಗೊತ್ತುಮಾಡಿಕೊಳ್ಳಿ. ಪ್ರತಿ ಭೇಟಿಗೂ ಒಂದು ಪುಟ ಬರೆದುಕೊಂಡು ಹೋಗಿ: ಈ ವಾರ ಏನು ಓದಿದೆ, ಏನು ಮಾಡಿದೆ, ಎಲ್ಲಿ ಸಿಕ್ಕಿಹಾಕಿಕೊಂಡೆ. ಏನೂ ಆಗದ ವಾರವೂ ಹೋಗಲೇಬೇಕು; ನಿಜ ಹೇಳಬೇಕೆಂದರೆ ಆ ವಾರವೇ ಭೇಟಿಯ ಅಗತ್ಯ ಹೆಚ್ಚು. "ಸರ್, ಅರ್ಥ ಆಗ್ಲಿಲ್ಲ" ಎಂದರೆ ಅವರಿಗೂ ದಾರಿ ಕಾಣುವುದಿಲ್ಲ. "ಏಳನೇ ಸಾಲಿನಿಂದ ಎಂಟನೇ ಸಾಲಿಗೆ ಹೇಗೆ ಬಂದರು?" ಎಂದರೆ ಎರಡು ನಿಮಿಷದಲ್ಲಿ ಬಗೆಹರಿಯುತ್ತದೆ. ತಪ್ಪು ತೋರಿಸಿದಾಗ ಮುಖ ಸಣ್ಣದು ಮಾಡಿಕೊಳ್ಳಬೇಡಿ. ಗಣಿತದಲ್ಲಿ ತಪ್ಪು ಸಿಕ್ಕರೆ ಅರ್ಧ ಕೆಲಸ ಆಯಿತು ಎಂದೇ ಲೆಕ್ಕ.

ಒಬ್ಬ ಅಧ್ಯಾಪಕರ ತಲೆಗೆ ಹತ್ತಾರು ವಿದ್ಯಾರ್ಥಿಗಳನ್ನು ಕಟ್ಟುವ ಕಾಲೇಜುಗಳೂ ಇವೆ. ಅಲ್ಲಿ ಮೂರು ನಾಲ್ಕು ಜನ ಹತ್ತಿರ ಹತ್ತಿರದ ಪ್ರಶ್ನೆಗಳನ್ನು ಹಿಡಿದು, ಒಬ್ಬರು ಬೋರ್ಡಿನ ಮೇಲೆ ಬಿಡಿಸುವಾಗ ಉಳಿದವರು ಪ್ರಶ್ನೆ ಕೇಳುವಂತೆ ಒಟ್ಟಿಗೆ ಭೇಟಿಗೆ ಹೋಗಿ. ಪ್ರಾಜೆಕ್ಟ್ ಅವರವರದೇ, ಕಿವಿ ಎಲ್ಲರದು. ಇದರಿಂದ ಅಧ್ಯಾಪಕರ ಸಮಯವೂ ಉಳಿಯುತ್ತದೆ, ವೈವಾಕ್ಕೆ ತಯಾರಿಯೂ ಆಗುತ್ತದೆ.

ಓದು, ಲೆಕ್ಕ, ಕಂಪ್ಯೂಟರ್

ಮೊದಲ ತಿಂಗಳು ಪೂರ್ತಿ ಓದಿ ಆಮೇಲೆ ಕೆಲಸ ಶುರುಮಾಡುತ್ತೇನೆ ಎನ್ನುವವರು ಕೊನೆಯ ವಾರದವರೆಗೂ ಓದುತ್ತಲೇ ಇರುತ್ತಾರೆ. ಲೆಕ್ಕ ಮಾಡುತ್ತ ಓದಿ. ಪ್ರಬಂಧವೊಂದನ್ನು ಹಿಡಿದಾಗ ಮೊದಲ ಪುಟದ ಪ್ರಮೇಯಕ್ಕೆ ಅತಿ ಚಿಕ್ಕ ಉದಾಹರಣೆ ಬರೆದು ನೋಡಿ. ಕಾನ್ಪುರದ ಆ ಪ್ರಬಂಧದ ಬುಡದಲ್ಲಿರುವ ಮಾತನ್ನೇ ತೆಗೆದುಕೊಳ್ಳಿ: ದ್ವಿಪದ ವಿಸ್ತರಣೆಯಲ್ಲಿ ಎರಡು ತುದಿಯ ಒಂದುಗಳನ್ನು ಬಿಟ್ಟು ಉಳಿದ ಗುಣಾಂಕಗಳೆಲ್ಲ ಘಾತದಿಂದ ಭಾಗವಾದರೆ, ಆಗ ಮಾತ್ರ ಆ ಘಾತ ಅವಿಭಾಜ್ಯ. ಐದಕ್ಕೆ 5, 10, 10, 5. ಎಲ್ಲವೂ ಐದರಿಂದ ಭಾಗವಾಗುತ್ತವೆ. ನಾಲ್ಕಕ್ಕೆ 4, 6, 4, ಆರು ಎಡವಿತು. ಇಷ್ಟು ಮಾಡಿದ ಮೇಲೆ ಪ್ರಬಂಧದ ಮುಂದಿನ ಪುಟ ಅಪರಿಚಿತ ಎನಿಸುವುದಿಲ್ಲ.

ಓದುವ ಸಾಮಗ್ರಿಗೆ ಹಣ ಖರ್ಚು ಮಾಡಬೇಕಾಗಿಲ್ಲ. 1991ರಿಂದ ನಡೆಯುತ್ತಿರುವ 'ಆರ್ಕೈವ್' ತಾಣದಲ್ಲಿ ಪ್ರಬಂಧಗಳು ಉಚಿತ. ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ 1996ರಿಂದ ಹೊರತರುತ್ತಿರುವ 'ರೆಸೊನೆನ್ಸ್' ಮಾಸಪತ್ರಿಕೆಯ ಹಳೆಯ ಸಂಚಿಕೆಗಳೂ ಜಾಲದಲ್ಲಿವೆ. ಪದವಿ ವಿದ್ಯಾರ್ಥಿಗೆಂದೇ ಬರೆದ ಗಣಿತ ಲೇಖನಗಳು ಅದರಲ್ಲಿ ಬೇಕಾದಷ್ಟು. ನಿಮ್ಮ ಲೆಕ್ಕದಲ್ಲಿ ಒಂದು ಸಂಖ್ಯಾಸರಣಿ ಬಂದರೆ ನೀಲ್ ಸ್ಲೋನ್ 1964ರಲ್ಲಿ ಕೂಡಿಹಾಕಲು ಶುರುಮಾಡಿದ ಸರಣಿಗಳ ವಿಶ್ವಕೋಶದಲ್ಲಿ ಅದನ್ನು ಹುಡುಕಿ. ನೀವು ಹೊಸತೆಂದುಕೊಂಡದ್ದು ಹಿಂದೆಯೇ ಯಾರಿಗೋ ಸಿಕ್ಕಿದ್ದರೆ ಬೇಸರಪಡಬೇಡಿ. ಸ್ವಂತವಾಗಿ ಕಂಡುಕೊಂಡದ್ದು ನಿಮ್ಮದೇ, ವರದಿಯಲ್ಲಿ ಹಿಂದಿನವರ ಹೆಸರು ಹೇಳಿದರಾಯಿತು.

ಕಂಪ್ಯೂಟರ್ ಬಳಸಿ, ಪೈಥಾನ್‌ನಲ್ಲಿ ಹತ್ತು ಸಾಲಿನ ಪ್ರೋಗ್ರಾಂ ಬರೆಯಲು ಕಲಿಯಿರಿ. ಎರಡರಿಂದ ಇಪ್ಪತ್ತರವರೆಗಿನ ಆಧಾರಗಳಲ್ಲಿ ಕಾಪ್ರೇಕರ್ ಲೆಕ್ಕ ಮಾಡಿ ಪಟ್ಟಿ ಕೊಡಲು ಅದಕ್ಕೆ ಕ್ಷಣ ಸಾಕು. ಸೇಜ್, ಜಿಯೊಜಿಬ್ರಾ ಕೂಡ ಉಚಿತವಾಗಿ ಸಿಗುತ್ತವೆ. ಆದರೆ ಪಟ್ಟಿ ಸಾಧನೆಯಲ್ಲ. ಕಾನ್ಪುರದ ವಿದ್ಯಾರ್ಥಿಗಳು 2001ರ ಆ ಊಹೆಯನ್ನು ಒಂದು ಸಾವಿರ ಕೋಟಿವರೆಗಿನ ಸಂಖ್ಯೆಗಳಿಗೆ ಪರೀಕ್ಷಿಸಿ ನೋಡಿದ್ದರು, ಒಂದೂ ತಪ್ಪಿರಲಿಲ್ಲ. ಆದರೂ ಅದು ಸುಳ್ಳಾಗಿರುವ ಸಂಭವವೇ ಹೆಚ್ಚು ಎಂದು ಗಣಿತಜ್ಞರಾದ ಲೆನ್‌ಸ್ಟ್ರಾ ಮತ್ತು ಪೊಮೆರನ್ಸ್ ವಾದಿಸಿದರು. ಅದಕ್ಕೇ ವರದಿಯಲ್ಲಿ "ಪರೀಕ್ಷಿಸಿದೆ", "ಊಹಿಸುತ್ತೇನೆ", "ಸಾಧಿಸಿದೆ" ಈ ಮೂರನ್ನೂ ಬೇರೆ ಬೇರೆ ಇಡಿ.

ಎಐ ಚಾಟ್‌ಬಾಟ್‌ಗಳ ವಿಚಾರವನ್ನೂ ಹೇಳಿಬಿಡಬೇಕು. ತಪ್ಪು ಸಾಧನೆಯನ್ನು ಸರಿಯಾದದ್ದರಷ್ಟೇ ಧೈರ್ಯದಿಂದ ಬರೆದುಕೊಡುವ ಸ್ವಭಾವ ಅವಕ್ಕಿದೆ. ಪ್ರೋಗ್ರಾಂನ ದೋಷ ಹುಡುಕಲು, ಅರ್ಥವಾಗದ ಪದದ ವಿವರಣೆ ಕೇಳಲು ಬಳಸಿ, ಬಳಸಿದ್ದನ್ನು ಗೈಡ್‌ಗೆ ತಿಳಿಸಿ. ಸಾಧನೆಯನ್ನು ಮಾತ್ರ ಅದರಿಂದ ಬರೆಸಬೇಡಿ. ವೈವಾದಲ್ಲಿ ಬೋರ್ಡಿನ ಮುಂದೆ ನಿಲ್ಲುವವರು ನೀವು.

ಬರೆಯುವುದು

ಮೊದಲ ವಾರದಿಂದಲೇ ಬರೆಯಿರಿ. ವಾರದ ಆ ಒಂದೊಂದು ಪುಟವೇ ಕೊನೆಗೆ ವರದಿಯಾಗುತ್ತದೆ. ಹದಿನಾಲ್ಕನೇ ವಾರ ಬರೆಯಲು ಕೂತವರ ಪಾಡು ಹೇಳತೀರದು. ಕನ್ನಡ ಮಾಧ್ಯಮದಿಂದ ಬಂದವರಿಗೆ ಒಂದು ಸಲಹೆ: ಸಾಧನೆಯನ್ನು ಮೊದಲು ನೋಟ್‌ಬುಕ್‌ನಲ್ಲಿ ಕನ್ನಡದಲ್ಲೇ ಪೂರ್ತಿ ಬರೆಯಿರಿ. "ಆದ್ದರಿಂದ", "ಒಂದು ವೇಳೆ", "ಆಗ ಮಾತ್ರ" ಇವು ಸರಿಯಾದ ಜಾಗದಲ್ಲಿ ಕೂತರೆ ತರ್ಕ ಸರಿಯಿದೆ ಎಂದರ್ಥ. ಇಂಗ್ಲಿಷ್‌ನಲ್ಲಿ ವರದಿ ಕೊಡಲೇಬೇಕಾದರೆ ಆಮೇಲೆ ಅದನ್ನು ಅಲ್ಲಿಗೆ ಒಯ್ಯಿರಿ. ಇಂಗ್ಲಿಷ್‌ನ ಭಯ, ಗಣಿತದ ಕಷ್ಟ ಎರಡನ್ನೂ ಒಂದೇ ಸಲ ಹೊರಬೇಕಾದ ಅಗತ್ಯವಿಲ್ಲ.

ಟೈಪ್ ಮಾಡಲು ಲೇಟೆಕ್ ಕಲಿಯಿರಿ. ಎರಡು ವಾರ ಕಿರಿಕಿರಿ ಎನಿಸುತ್ತದೆ, ಆಮೇಲೆ ಜೀವನಪರ್ಯಂತ ನೆರವಿಗೆ ಬರುತ್ತದೆ. ಓವರ್‌ಲೀಫ್ ತಾಣ ತೆರೆದರೆ ಏನನ್ನೂ ಇನ್‌ಸ್ಟಾಲ್ ಮಾಡುವ ಗೋಜಿಲ್ಲ, ಮೊಬೈಲ್ ಇಂಟರ್‌ನೆಟ್ ಹಿಡಿದು ಕಾಲೇಜು ಲ್ಯಾಬಿನಲ್ಲೇ ಮಾಡಬಹುದು. ವರದಿ ಇಪ್ಪತ್ತೈದು ಪುಟ ದಾಟಬೇಕಾಗಿಲ್ಲ. ಗ್ರೂಪ್ ಎಂದರೇನು, ರಿಂಗ್ ಎಂದರೇನು ಎಂದು ಪಠ್ಯಪುಸ್ತಕದ ವ್ಯಾಖ್ಯೆಗಳಿಂದ ಮೊದಲ ಅಧ್ಯಾಯ ತುಂಬಿಸಬೇಡಿ. ಪ್ರಶ್ನೆ ಏನು ಎಂಬುದು ಮೊದಲ ಪುಟದಲ್ಲೇ ಬರಲಿ, ನಿಮ್ಮ ಉದಾಹರಣೆಗಳು ಎರಡನೇ ಪುಟದಲ್ಲಿ. ಎಲ್ಲಿಂದ ತಂದದ್ದು, ಯಾವುದು ನಿಮ್ಮದು ಎಂಬುದು ಓದುವವರಿಗೆ ಪ್ರತಿ ಪುಟದಲ್ಲೂ ಗೊತ್ತಾಗಬೇಕು. ನೂರು ಪುಟದ ನಕಲಿಗಿಂತ ಹನ್ನೆರಡು ಪುಟದ ಸ್ವಂತ ಕೆಲಸಕ್ಕೆ ಹೆಚ್ಚು ಅಂಕ ಕೊಡುವ ಧೈರ್ಯವನ್ನು ಪರೀಕ್ಷಕರೂ ತೋರಬೇಕು.

ಹಣ ಕಟ್ಟಿದರೆ ವಾರದಲ್ಲಿ ಪ್ರಕಟಿಸುತ್ತೇವೆ ಎನ್ನುವ ಜರ್ನಲ್‌ಗಳ ಇ-ಮೇಲ್ ನಂಬಬೇಡಿ. ಅಲ್ಲಿ ಬಂದ ಹೆಸರು ಮುಂದೆ ನಿಮಗೇ ಮುಳುವಾಗುತ್ತದೆ. ಕೆಲಸ ನಿಜಕ್ಕೂ ಹೊಸತಾಗಿದ್ದರೆ, ವಿದ್ಯಾರ್ಥಿಗಳ ಪಾಲಿರುವ ಸಂಶೋಧನೆಯನ್ನೇ ಮುಖ್ಯವಾಗಿ ಪ್ರಕಟಿಸುವ, 2008ರಿಂದ ಬರುತ್ತಿರುವ 'ಇನ್ವಾಲ್ವ್'ನಂಥ ಪತ್ರಿಕೆಗಳಿವೆ. ಹಾಗಲ್ಲದಿದ್ದರೆ ಕಾಲೇಜಿನ ಗಣಿತ ಸಂಘದಲ್ಲಿ ಒಂದು ಗಂಟೆ ಮಾತಾಡಿ, ಅದು ಯಾವ ಪ್ರಕಟಣೆಗೂ ಕಡಿಮೆಯಲ್ಲ.

ಕಾಲೇಜಿನ ಹೊರಗೂ ಅವಕಾಶಗಳಿವೆ. ಬೆಂಗಳೂರು, ದೆಹಲಿ, ಪ್ರಯಾಗರಾಜ್‌ಗಳ ಮೂರು ವಿಜ್ಞಾನ ಅಕಾಡೆಮಿಗಳು ಸೇರಿ ಕೊಡುವ ಬೇಸಿಗೆ ಫೆಲೋಶಿಪ್‌ನಲ್ಲಿ ಎರಡು ತಿಂಗಳು ಒಬ್ಬ ಸಂಶೋಧಕರ ಬಳಿ ಇದ್ದು ಕೆಲಸ ಮಾಡಬಹುದು. ವಿದ್ಯಾರ್ಥಿಗಳಷ್ಟೇ ಅಲ್ಲ, ಅಧ್ಯಾಪಕರೂ ಅರ್ಜಿ ಹಾಕಬಹುದು. ಪ್ರಾಜೆಕ್ಟ್‌ಗೆ ಮೊದಲು ಬುನಾದಿ ಗಟ್ಟಿಮಾಡಿಕೊಳ್ಳಬೇಕೆನ್ನುವವರಿಗೆ ಎಸ್. ಕುಮರೇಶನ್ 1993ರಲ್ಲಿ ಆರಂಭಿಸಿದ ಎಂಟಿಟಿಎಸ್ ಬೇಸಿಗೆ ಶಿಬಿರವಿದೆ. ಉತ್ತರ ಹೇಳಿಕೊಡದೆ ವಿದ್ಯಾರ್ಥಿಯಿಂದಲೇ ಹೊರಡಿಸುವ ಅಲ್ಲಿನ ಪಾಠದ ಕ್ರಮ ನಮ್ಮ ಎಲ್ಲ ತರಗತಿಗಳಿಗೂ ಬರಬೇಕಾದದ್ದು. ಬೆಂಗಳೂರಿನಲ್ಲಿ ಐಐಎಸ್ಸಿ, ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆ, ಯಲಹಂಕದ ಟಿಐಎಫ್‌ಆರ್ ಕೇಂದ್ರ, ಹೆಸರಘಟ್ಟದ ಕಡೆಯ ಐಸಿಟಿಎಸ್ ಇವೆ. ಅಲ್ಲಿ ಆಗಾಗ ಸಾರ್ವಜನಿಕ ಉಪನ್ಯಾಸಗಳೂ ನಡೆಯುತ್ತವೆ, ಸಮೀಪದಲ್ಲಿದ್ದೂ ಹೋಗದಿರುವುದು ನಷ್ಟ.

ಅಕಾಡೆಮಿಗಳ ಫೆಲೋಶಿಪ್‌ಗೆ ಅರ್ಜಿ ಕರೆಯುವುದು ಸಾಮಾನ್ಯವಾಗಿ ವರ್ಷದ ಕೊನೆಯ ತಿಂಗಳುಗಳಲ್ಲಿ. ಏನು ಕಲಿಯಬೇಕೆಂದಿದ್ದೀರಿ ಎಂದು ನೀವೇ ಬರೆದ ಟಿಪ್ಪಣಿ, ನಿಮ್ಮನ್ನು ಬಲ್ಲ ಅಧ್ಯಾಪಕರ ಶಿಫಾರಸು ಪತ್ರ ಎರಡೂ ಬೇಕಾಗುತ್ತವೆ. ಆ ಪತ್ರ ಬರೆಯುವವರಿಗೆ ನಿಮ್ಮ ಅಂಕಗಳ ಆಚೆಗೆ ಹೇಳಲು ಏನಾದರೂ ಸಿಗಬೇಕಾದರೆ, ದೀಪಾವಳಿ ರಜೆಯವರೆಗೆ ಕಾಯದೆ ಈ ವಾರವೇ ಒಂದು ಪ್ರಶ್ನೆ, ಒಂದು ಪುಟ ಲೆಕ್ಕ ಹಿಡಿದು ಸ್ಟಾಫ್ ರೂಮಿಗೆ ಹೋಗಿ ಅವರನ್ನು ಕಾಣಿ.